ಫೈರ್‌ವಾಲ್ ಬದಲಾಯಿತು, ಆರ್ಡರ್ ಎಲ್ಲಿ ಹೋಯಿತು?

ಕೋಠಿಯ ಬ್ಯಾಂಕ್ ಸ್ಟ್ರೀಟಿನಂಥ ಕಡೆ ಕಚೇರಿಗಳ ಊಟದ ಆರ್ಡರು ಇ-ಮೇಲಿನಲ್ಲೂ ಬರುತ್ತದೆ. ನಮ್ಮ ಆಫೀಸಿನ ಫೈರ್‌ವಾಲ್ ಬದಲಾದ ಮೇಲೆ ಮೊಬೈಲಿಗೆ ಮೇಲ್ ನಿಂತರೆ, 300 ಊಟ 500 ಆದದ್ದು ಭಟ್ಟರಿಗೆ ತಿಳಿಯುವುದು ಬಡಿಸುವಾಗಲೇ!

ಫೋನನ್ನು ದೂರಿ ಖಾತೆ ಅಳಿಸಬೇಡಿ. ಕಳುಹಿಸದೆ ಉಳಿದ ಮೇಲ್‌ಗಳೂ ಹೋದಾವು. ಮೊದಲು ವೈ-ಫೈ ಆರಿಸಿ, ಸಿಮ್ಮಿನ ಡೇಟಾದಲ್ಲಿ ನೋಡಿ. ಆಗ ಬಂದರೆ ಅಡ್ಡಿ ಹೆಚ್ಚಾಗಿ ಫೈರ್‌ವಾಲಿನದೇ. ಐಮ್ಯಾಪ್ ಖಾತೆಗೆ ಸಾಮಾನ್ಯವಾಗಿ ಮೇಲ್ ಬರಲು 993, ಹೋಗಲು 587 ಅಥವಾ 465ನೇ ಪೋರ್ಟ್ ತೆರೆದಿರಬೇಕು. ಬೇಸತ್ತು ಫೈರ್‌ವಾಲನ್ನೇ ತೆಗೆಸುವುದು ಉಗ್ರಾಣದ ಬಾಗಿಲು ಕಿತ್ತಿಟ್ಟಂತೆ.

ಎಣಿಸಿಕೊಳ್ಳದೆ ಪಾತ್ರೆ ಬಾಡಿಗೆ ಚುಕ್ತಾ ಮಾಡುತ್ತೇವೆಯೇ? ಹಾಗೆಯೇ, ಫೋನಿಗೆ ಒಂದು ಮೇಲ್ ಬಂದು, ಒಂದು ಹೋಗುವುದನ್ನು ಕಣ್ಣಾರೆ ನೋಡದೆ ಫೈರ್‌ವಾಲ್ ಹಾಕಿದವರ ಬಿಲ್ ಕೊಡಬಾರದು.