ಹೆಸರು ಹಿಡಿದು ಕರೆದರೆ ಏಳುವ ಯಂತ್ರ

ಕುಂಭಕರ್ಣನನ್ನು ಎಬ್ಬಿಸಲು ರಾವಣನ ಕಡೆಯವರು ಭೇರಿ ಬಾರಿಸಿದರು, ಶಂಖ ಊದಿದರು, ಕೊನೆಗೆ ಆನೆಗಳನ್ನೇ ಅವನ ಮೈಮೇಲೆ ನಡೆಸಿದರು. ಇಂದಿನ ದೊಡ್ಡ ಕಚೇರಿಗಳಲ್ಲಿ ರಾತ್ರಿ ಮಲಗಿರುವ ನೂರಾರು ಕಂಪ್ಯೂಟರುಗಳನ್ನು ಎಬ್ಬಿಸಲು ಇಷ್ಟೊಂದು ಗದ್ದಲ ಬೇಕಾಗಿಲ್ಲ. ಬೇರೊಂದು ಕೋಣೆಯಲ್ಲಿ ಕುಳಿತು ಹೆಸರು ಹಿಡಿದು ಕರೆದರೆ ಸಾಕು. ಕರೆಸಿಕೊಂಡ ಯಂತ್ರ ಎದ್ದು ಕೂರುತ್ತದೆ, ಪಕ್ಕದ್ದು ಮಗ್ಗುಲನ್ನೂ ಬದಲಿಸುವುದಿಲ್ಲ.

ಈ ವಿದ್ಯೆಗೆ ‘ವೇಕ್ ಆನ್ ಲ್ಯಾನ್’ ಎಂದು ಹೆಸರು. ಹಗಲೆಲ್ಲ ದುಡಿಯುವ ಯಂತ್ರಗಳಿಗೆ ಹೊಸ ತಂತ್ರಾಂಶವನ್ನು ತುಂಬಲು ರಾತ್ರಿಯೇ ಅನುಕೂಲ. ಅದಕ್ಕಾಗಿ ಎಲ್ಲವನ್ನೂ ಬೆಳಗಿನವರೆಗೆ ಎಚ್ಚರವಾಗಿಟ್ಟರೆ ವಿದ್ಯುತ್ತು ವ್ಯರ್ಥ. ಆರಿಸಿ ಹೋದರೆ ಒಂದೊಂದರ ಗುಂಡಿಯನ್ನೂ ಒತ್ತಲು ಆಳು ಬೇಕು. ಈ ತೊಡಕಿಗೆ ಪರಿಹಾರವಾಗಿ ಅಮೆರಿಕದ ಎ.ಎಂ.ಡಿ. ಸಂಸ್ಥೆಯು 1995ರಲ್ಲಿ ‘ಮ್ಯಾಜಿಕ್ ಪ್ಯಾಕೆಟ್’ ಎಂಬ ಸಂದೇಶದ ವಿವರವನ್ನು ಪ್ರಕಟಿಸಿತು. 1997ರಲ್ಲಿ ಐ.ಬಿ.ಎಂ. ಮತ್ತು ಇಂಟೆಲ್ ಸಂಸ್ಥೆಗಳು ಜೊತೆಗೂಡಿ ‘ವೇಕ್ ಆನ್ ಲ್ಯಾನ್’ ಏರ್ಪಾಡನ್ನು ಬಳಕೆಗೆ ತಂದವು.

ಸತ್ತಂತೆ ಮಲಗಿದ ಯಂತ್ರ ಕರೆಯನ್ನು ಕೇಳುವುದಾದರೂ ಹೇಗೆ? ಗುಟ್ಟು ಇಷ್ಟೇ: ಒಡೆಯ ಮಲಗಿದರೂ ಬಾಗಿಲ ಕಾವಲುಗಾರ ಮಲಗುವುದಿಲ್ಲ. ಕಂಪ್ಯೂಟರನ್ನು ಆರಿಸಿದ ಮೇಲೂ ಅದರೊಳಗೆ 5 ವೋಲ್ಟಿನ ಸಣ್ಣ ವಿದ್ಯುದ್ಧಾರೆಯೊಂದು ಹರಿಯುತ್ತಲೇ ಇರುತ್ತದೆ. ಅದರ ಬಲದಿಂದ, ಯಂತ್ರವನ್ನು ಜಾಲಕ್ಕೆ ಸೇರಿಸುವ ನೆಟ್‌ವರ್ಕ್ ಕಾರ್ಡು ಕಿವಿಗೊಟ್ಟು ಕುಳಿತಿರುತ್ತದೆ. ಪ್ರತಿಯೊಂದು ಕಾರ್ಡಿಗೂ ತಯಾರಿಕೆಯ ವೇಳೆಯಲ್ಲೇ 6 ಬೈಟುಗಳ ಒಂದು ಅಂಕೆಯನ್ನು ಕೊಟ್ಟಿರುತ್ತಾರೆ. ಅದೇ ಅದರ ಹೆಸರು. ಕರೆಯುವವನು ಜಾಲದಲ್ಲಿರುವ ಎಲ್ಲಕ್ಕೂ ಕೇಳುವಂತೆ ಸಂದೇಶವನ್ನು ಸಾರುತ್ತಾನೆ. ಅದರ ಮೊದಲ 6 ಬೈಟುಗಳಲ್ಲಿ ಬರಿಯ ಒಂದುಗಳು. ಊರಿಗೆಲ್ಲ ‘ಕೇಳಿರಿ’ ಎಂದು ಹೊಡೆಯುವ ಡಂಗುರ ಅದು. ಬಳಿಕ ಬೇಕಾದ ಕಾರ್ಡಿನ ಹೆಸರು 16 ಬಾರಿ. ಒಟ್ಟು 102 ಬೈಟು. ಬೇರೆ ಮಾತುಗಳ ನಡುವೆ ಒಂದೇ ಹೆಸರು ಅಕಸ್ಮಾತ್ತಾಗಿ ಹೀಗೆ ಬರುವ ಸಂಭವ ಇಲ್ಲವೆಂದೇ ಹೇಳಬಹುದು. ತನ್ನ ಹೆಸರನ್ನು ಗುರುತಿಸಿದ ಕಾರ್ಡು ಒಡನೆಯೇ ಒಡೆಯನನ್ನು ತಟ್ಟಿ ಎಬ್ಬಿಸುತ್ತದೆ.

ಈ ವಿದ್ಯೆಗೂ ಮಿತಿಗಳುಂಟು. ಡಂಗುರದ ದನಿ ಸಾಮಾನ್ಯವಾಗಿ ಆ ಜಾಲದ ಎಲ್ಲೆಯನ್ನು ದಾಟದು. ‘ಎದ್ದೆ’ ಎಂಬ ಮರುನುಡಿಯೂ ಈ ಏರ್ಪಾಡಿನಲ್ಲಿಲ್ಲ. ಮಿತವ್ಯಯದ ಗೃಹಸ್ಥರು ಗೋಡೆಯ ಸ್ವಿಚ್ಚನ್ನೇ ಆರಿಸಿದರಂತೂ ಕಾವಲುಗಾರನಿಗೂ ಉಸಿರಿಲ್ಲ; ಆಗ ಎಷ್ಟು ಕೂಗಿದರೂ ವ್ಯರ್ಥ.

ಇದಕ್ಕಿಂತ ದೊಡ್ಡ ಕೊರತೆ ಬೇರೊಂದಿದೆ. ಕಾವಲುಗಾರ ಹೆಸರನ್ನು ಮಾತ್ರ ಕೇಳುತ್ತಾನೆ. ಕರೆದವರು ಯಾರೆಂದು ಕೇಳುವುದಿಲ್ಲ. ಸಂಕೇತಪದವೊಂದನ್ನು ಸೇರಿಸುವ ಏರ್ಪಾಡು ಕೆಲವು ಕಾರ್ಡುಗಳಲ್ಲಿದೆಯಾದರೂ, ಅದು ಮರೆಯಿಲ್ಲದೆ ಜಾಲದಲ್ಲಿ ಹರಿಯುವುದರಿಂದ ಕದ್ದು ಕೇಳುವವನಿಗೆ ದಕ್ಕಿಬಿಡುತ್ತದೆ. 2018ರಲ್ಲಿ ‘ರಿಯುಕ್’ ಎಂಬ ದುಷ್ಟ ತಂತ್ರಾಂಶವು ಕಾಣಿಸಿಕೊಂಡಿತು. ಕಡತಗಳಿಗೆ ಬೀಗ ಜಡಿದು, ಬಿಡಿಸಿಕೊಡಲು ಹಣ ಕೇಳುವುದು ಅದರ ಒಡೆಯರ ದಂಧೆ. ಅಮೆರಿಕದ ಆಸ್ಪತ್ರೆಗಳೂ ನಗರಸಭೆಗಳೂ ಅದರ ಬಾಯಿಗೆ ಸಿಕ್ಕಿದವು. ಅದು ಮ್ಯಾಜಿಕ್ ಪ್ಯಾಕೆಟನ್ನು ಕಳುಹಿಸಿ, ಮಲಗಿದ ಯಂತ್ರಗಳನ್ನು ಎಬ್ಬಿಸಿ, ಅವುಗಳಿಗೂ ಬೀಗ ಹಾಕುತ್ತಿದ್ದುದನ್ನು 2020ರ ಜನವರಿಯಲ್ಲಿ ತಜ್ಞರು ಬಯಲಿಗೆ ತಂದರು. ಆರಿಸಿದ ಯಂತ್ರಕ್ಕೆ ಅಪಾಯವಿಲ್ಲವೆಂಬ ನೆಮ್ಮದಿಯೂ ಹೀಗೆ ಕೆಟ್ಟಿತು.

ಆದುದರಿಂದ ಬೇಡವಾದ ಕಡೆ ಈ ಸೌಕರ್ಯವನ್ನು ಮುಚ್ಚಿಡುವುದು ಲೇಸು. ಬೆಲೆಯುಳ್ಳ ಕಡತಗಳ ಒಂದು ಪ್ರತಿಯನ್ನು ಜಾಲದಿಂದ ಬಿಡಿಸಿ ಬೇರೆಯೇ ಇಡಬೇಕು. ಎಬ್ಬಿಸಿದವನ ಕಾರ್ಯ ಅಧರ್ಮವೆಂದು ತಿಳಿದೂ ಕುಂಭಕರ್ಣ ಯುದ್ಧಕ್ಕೆ ಹೊರಟ. ಯಂತ್ರಕ್ಕೆ ಆ ತಿಳಿವೂ ಇಲ್ಲ. ಅದರ ಪಾಲಿನ ವಿವೇಕವನ್ನೂ ಮನುಷ್ಯನೇ ಇಟ್ಟುಕೊಳ್ಳಬೇಕು.