ಮಕ್ಕಳಿಗೆ ರಾಜಕೀಯ ಬೇಡ ಅನ್ನುವವರಿಗೆ

"ಮಾಸ್ಟ್ರೇ, ಮಕ್ಕಳಿಗೆ ಪಾಠ ಹೇಳಿಕೊಡಿ ಸಾಕು, ರಾಜಕೀಯ ಬೇಡ." ಹೆತ್ತವರ ಬಾಯಲ್ಲಿ ನಾವು ಅಧ್ಯಾಪಕರು ಎಷ್ಟೋ ಸಲ ಕೇಳಿದ ಮಾತಿದು. ಆದರೆ ಚುನಾವಣೆ ಬಂದಾಗ ಅದೇ ಮಕ್ಕಳ ಕೈಗೆ ಬಾವುಟ ಕೊಟ್ಟು ಮೆರವಣಿಗೆಗೆ ಕರೆದೊಯ್ಯುತ್ತಾರೆ. ಆಗ ಯಾರಿಗೂ ಈ ಮಾತು ನೆನಪಾಗುವುದಿಲ್ಲ. ಹಾಗಾದರೆ ನಿಮಗೆ ಬೇಡವಾದದ್ದು ರಾಜಕೀಯವೋ, ಪ್ರಶ್ನೆ ಕೇಳುವ ಮಕ್ಕಳೋ?

ದೂರ ಹೋಗುವುದು ಬೇಡ. ನಮ್ಮ ದೇಲಂಪಾಡಿಯ ಆಸುಪಾಸಿನ ಬೆಳ್ಳೂರು, ಕಾರಡ್ಕ, ಮುಳಿಯಾರು ಪಂಚಾಯತುಗಳನ್ನೇ ನೋಡಿ. ಕೇರಳ ಸರಕಾರದ್ದೇ ಆದ ಪ್ಲಾಂಟೇಶನ್ ಕಾರ್ಪೊರೇಶನ್ ಸುಮಾರು ಎರಡು ದಶಕ, 2000ದವರೆಗೆ, ಈ ಭಾಗದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಕೆಳಗೆ ಮನೆ, ಬಾವಿ, ಶಾಲೆ ಎಲ್ಲ ಇದ್ದವು.

ಈ ವಿಷದ ಹಣೆಬರಹ ತೀರ್ಮಾನವಾದದ್ದು ದೂರದ ಜಿನೀವಾದಲ್ಲಿ. ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಇದನ್ನು ಸೇರಿಸಬೇಕೆಂದು 2007ರಲ್ಲಿ ಐರೋಪ್ಯ ಒಕ್ಕೂಟ ಸೂಚಿಸಿತು. ಲೋಕದಲ್ಲೇ ಅತಿ ಹೆಚ್ಚು ಎಂಡೋಸಲ್ಫಾನ್ ತಯಾರಿಸುತ್ತಿದ್ದ ಭಾರತ ವಿರೋಧಿಸಿತು. ಇದು ಐರೋಪ್ಯ ಕಂಪೆನಿಗಳ ವ್ಯಾಪಾರದ ಪಿತೂರಿ ಎಂದು ನಮ್ಮ ತಯಾರಕರು ಬೊಬ್ಬೆ ಹಾಕಿದರು. ಇನ್ನೊಂದು ಕಡೆ ಹಲವು ದೇಶಗಳ ಪರಿಸರ ಸಂಘಟನೆಗಳು ಕೈಜೋಡಿಸಿದವು. 2011ರ ಏಪ್ರಿಲಿನಲ್ಲಿ, ಕೆಲವು ಬೆಳೆಗಳಿಗೆ ತಾತ್ಕಾಲಿಕ ವಿನಾಯಿತಿಯೊಂದಿಗೆ, ನಿಷೇಧ ಒಪ್ಪಿತವಾಯಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೂ ತಡೆ ಹಾಕಿತು. ಅರ್ಜಿ ಹಾಕಿದ್ದು ಒಂದು ಯುವಜನ ಸಂಘಟನೆ, ಡಿವೈಎಫ್ಐ.

"ಅದು ಒಂದು ಪಕ್ಷದ್ದಲ್ಲವೇ?" ಎಂದು ಕೇಳುವಿರಿ. ಹೌದು, ಪಕ್ಷದ್ದೇ. ಮುಂದಿನದ್ದನ್ನೂ ಕೇಳಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡಿ ಎಂದು 2017ರ ಜನವರಿಯಲ್ಲಿ ಅದೇ ಕೋರ್ಟು ಕೇರಳ ಸರಕಾರಕ್ಕೆ ಆದೇಶಿಸಿತು. ಆಗ ಆಡಳಿತದಲ್ಲಿದ್ದದ್ದು ಅದೇ ಪಕ್ಷದ ನೇತೃತ್ವದ ಸರಕಾರ. 2022ರ ಮೇ ತಿಂಗಳಲ್ಲಿ ನೋಡಿದರೆ, 3704 ಸಂತ್ರಸ್ತರ ಪೈಕಿ ಪೂರ್ತಿ ಹಣ ಸಿಕ್ಕಿದ್ದು ಎಂಟೇ ಮಂದಿಗೆ, ಅದೂ ಮತ್ತೆ ಕೋರ್ಟಿನ ಮೆಟ್ಟಲು ಹತ್ತಿದವರಿಗೆ! ಐದು ವರ್ಷ ಏನೂ ಮಾಡಲಿಲ್ಲವೆಂದು ಕೋರ್ಟು ಛೀಮಾರಿ ಹಾಕಬೇಕಾಯಿತು.

ಇದರಿಂದ ಕಲಿಯಬೇಕಾದದ್ದು ಇಷ್ಟೇ. ಬಾವುಟ ಯಾವುದೇ ಇರಲಿ, ಆದೇಶ ಬಂದ ಮೇಲೂ ಅದರ ಬೆನ್ನು ಬಿಡದವರು ಬೇಕು. ಘೋಷಣೆ ಒಂದು ದಿನದ ಕೆಲಸ, ಬೆನ್ನು ಬೀಳುವುದು ವರ್ಷಗಳ ಕೆಲಸ. ಮೆರವಣಿಗೆ ಇದನ್ನು ಕಲಿಸುವುದಿಲ್ಲ. ಶಾಲೆ ಕಲಿಸಬೇಕು.

ಕನ್ನಡದ ಮಕ್ಕಳಿಗಂತೂ ಇದು ಇನ್ನೂ ಅಗತ್ಯ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಕೊಟ್ಟಿದೆ. ಬಳಸದ ಹಕ್ಕು ತುಕ್ಕು ಹಿಡಿಯುತ್ತದೆ. ಶಾಲಾ ಪಾರ್ಲಿಮೆಂಟಿನ ಚುನಾವಣೆಯನ್ನು ನಾವು ಸಂಭ್ರಮದಿಂದ ಮಾಡುತ್ತೇವೆ, ಗೆದ್ದ ನಾಯಕನಿಗೆ ಅಸೆಂಬ್ಲಿಯಲ್ಲಿ ಸಾಲು ನೇರ ಮಾಡುವ ಕೆಲಸ ಕೊಡುತ್ತೇವೆ. ಅದರ ಬದಲು ವರ್ಷಕ್ಕೊಂದು ವಿಷಯ ಹಿಡಿಯಲಿ. ರಸ್ತೆಯೋ, ಕುಡಿಯುವ ನೀರೋ, ಪಕ್ಕದ ತೋಟದ ಔಷಧಿಯೋ ಆಗಲಿ. ಪಂಚಾಯತಿಗೆ ಕನ್ನಡದಲ್ಲಿ ಬರೆಯಲಿ, ಉತ್ತರ ಬಾರದಿದ್ದರೆ ಮತ್ತೆ ಬರೆಯಲಿ.

ಮತದಾನದ ವಯಸ್ಸನ್ನು 1989ರಲ್ಲಿ 21ರಿಂದ 18ಕ್ಕೆ ಇಳಿಸಿದ್ದು ಯುವಜನರ ಮೇಲಿನ ನಂಬಿಕೆಯಿಂದ. ಆ ನಂಬಿಕೆ ನಮಗೂ ಇರಬೇಡವೇ? ಹತ್ತನೇ ತರಗತಿ ದಾಟಿದ ಮಗುವಿಗೆ ಒಂದು ಅರ್ಜಿ ಬರೆಯಲು ಬಾರದಿದ್ದರೆ, ನಾವು ಕಲಿಸಿದ ಸಮಾಜ ವಿಜ್ಞಾನ ಯಾವ ಪುರುಷಾರ್ಥಕ್ಕೆ?