ಎಂಜಿನ್‌ಗೆ ಹಣ ಕಳಿಸುವ ಮುಂಚೆ

ಊರಿನಿಂದ ಬರುವ ವಾಯ್ಸ್ ಮೆಸೇಜುಗಳಲ್ಲಿ ಈಗ ಹೊಸ ಬೇಡಿಕೆಯೊಂದು ಸೇರಿಕೊಂಡಿದೆ. "ಕಾಕಾ, ನಮ್ಮ ಆರ್‌ಎಕ್ಸ್‌ಗೆ ಒಳ್ಳೆ ಎಂಜಿನ್ ಸಿಕ್ಕಿದೆ, ಇವತ್ತೇ ಹಣ ಹಾಕಿದ್ರೆ ಕೊಡ್ತಾರಂತೆ." ತಮ್ಮ ಕೇಳಿದರೆ ಇಲ್ಲ ಅನ್ನಲು ನಮಗೆ ಬಾಯಿ ಬರುವುದಿಲ್ಲ. ತಂದೆ ಓಡಿಸಿದ ಗಾಡಿ ಎಂಬ ಮೋಹ ಬೇರೆ.

ನಮ್ಮ ಸದಸ್ಯರೊಬ್ಬರು ಎರಡು ತಿಂಗಳ ಓವರ್‌ಟೈಮ್ ದುಡ್ಡನ್ನು ಹೀಗೇ ಕಳಿಸಿದರು. ಎಂಜಿನ್ ಬಂತು, ಕೂತಿತು, ಗಾಡಿ ಹಾರಿತು. ಆರ್‌ಸಿ ನವೀಕರಣಕ್ಕೆ ಹೋದಾಗ ಮಾತ್ರ ಎಂಜಿನ್ ನಂಬರು ತಾಳೆಯಾಗಲಿಲ್ಲ. ಮಾರಿದವನ ಫೋನ್ ಸ್ವಿಚ್ ಆಫ್. ಅದು ಯಾರ ಗಾಡಿಯ ಎಂಜಿನ್ ಎಂಬ ಪ್ರಶ್ನೆಗೆ ಈಗ ಉತ್ತರ ಕೊಡಬೇಕಾದವನು ಆ ಹುಡುಗ.

ಆರ್‌ಎಕ್ಸ್100 ತಯಾರಾದದ್ದು 1985ರಿಂದ 1996ರವರೆಗೆ. ಅಂದರೆ ಇಂದು ರಸ್ತೆಯಲ್ಲಿರುವ ಪ್ರತಿಯೊಂದೂ 15 ವರ್ಷ ದಾಟಿದ್ದು, 5 ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಲ್ಲಲೇಬೇಕು. ಇಲ್ಲಿನ ಮುಲ್ಕಿಯಾ ಹಾಗೆಯೇ ಅಲ್ಲಿನ ಆರ್‌ಸಿಯಲ್ಲೂ ಚಾಸಿ ನಂಬರು, ಎಂಜಿನ್ ನಂಬರು ಎರಡೂ ಇರುತ್ತವೆ. ಎಂಜಿನ್ ಬದಲಿಸಲು ಆರ್‌ಟಿಒ ಒಪ್ಪಿಗೆ ಬೇಕು, ಹೊಸ ನಂಬರು ಆರ್‌ಸಿಗೆ ಏರಬೇಕು. ನಿಯಮ ಮೀರಿ ಗಾಡಿ ಮಾರ್ಪಡಿಸಿದರೆ 2019ರ ತಿದ್ದುಪಡಿಯಂತೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಅಪಘಾತವಾದರೆ ವಿಮಾ ಕಂಪನಿಗೆ ತಕರಾರು ತೆಗೆಯಲು ಕಾರಣ ನಾವೇ ಕೊಟ್ಟಂತಾಯಿತು.

ಇನ್ನು "ಎಲ್ಲ ಫಿಟ್ ಆಗ್ತದೆ" ಎಂಬ ಮೆಕ್ಯಾನಿಕ್ ಮಾತು. 100ಕ್ಕೆ 135ರ ಬ್ಲಾಕ್ ಹಾಕುವ ಚಟ ನಮ್ಮ ಕಡೆ ಹಳೆಯದು. ಎರಡಕ್ಕೂ ಸ್ಟ್ರೋಕ್ 50 ಮಿ.ಮೀ., ಬೋರ್ ಮಾತ್ರ 50ರಿಂದ 58ಕ್ಕೆ ಏರುತ್ತದೆ. 98 ಸಿಸಿ 132 ಆಗುತ್ತದೆ. ಕೇಳಲು ಸುಲಭ. ಆದರೆ ಬ್ಲಾಕ್ ಬದಲಾದರೆ ಪಿಸ್ಟನ್, ಹೆಡ್, ಕಾರ್ಬ್ಯುರೇಟರ್ ಜೆಟ್ ಎಲ್ಲ ಅದರ ಹಿಂದೆಯೇ ಬದಲಾಗಬೇಕು. ಹಳೆ ಜೆಟ್ಟೇ ಉಳಿದರೆ ಪೆಟ್ರೋಲ್ ಸಾಲದೆ ಬಿಸಿಯೇರಿ ಪಿಸ್ಟನ್ ಜಾಮ್, ಓಡುವಾಗಲೇ ಹಿಂದಿನ ಚಕ್ರ ಲಾಕ್. ಬೇರೆ ಮಾಡೆಲ್ಲಿನ ಪೂರ್ತಿ ಎಂಜಿನ್ ತಂದರಂತೂ ಮೌಂಟಿಂಗ್ ತೂತು, ಚೈನ್ ಲೈನ್, ವೈರಿಂಗ್ ಒಂದೊಂದಾಗಿ ನೋಡಬೇಕು. ಫ್ರೇಮಿಗೆ ವೆಲ್ಡಿಂಗ್ ಮಾಡ್ತೇನೆ ಅಂದವನ ಅಂಗಡಿಯಿಂದ ಗಾಡಿ ಹೊರಗೆ ತೆಗೆಯುವುದೇ ಒಳ್ಳೆಯದು. ಬ್ರೇಕಿನ ಸುದ್ದಿ ಯಾರೂ ಎತ್ತುವುದಿಲ್ಲ. ಎರಡು ಸ್ಟ್ರೋಕ್ ಎಂಜಿನ್ ಇಳಿಜಾರಿನಲ್ಲಿ ಗಾಡಿಯನ್ನು ಹೆಚ್ಚು ಹಿಡಿಯುವುದಿಲ್ಲ; ಚಾರ್ಮಾಡಿ ಇಳಿಯುವಾಗ ಕೈಯಲ್ಲಿರುವುದು ಅದೇ ಹಳೆ ಡ್ರಮ್ ಬ್ರೇಕು.

ಇಲ್ಲಿ ಡೆಲಿವರಿ ಬೈಕ್ ಓಡಿಸುವ ನಮ್ಮ ಹುಡುಗರಿಗೂ ಒಂದು ಮಾತು: ಗಾಡಿ ಕಂಪನಿ ಹೆಸರಲ್ಲಿದ್ದರೆ ಎಂಜಿನ್ ತಂಟೆಗೆ ನೀವು ಹೋಗಬೇಡಿ, ಹೇಳಿ ಬರೆಸಿಕೊಳ್ಳಿ.

ಹಣ ಹಾಕುವ ಮುಂಚೆ ಮೂರು ಫೋಟೋ ತರಿಸಿಕೊಳ್ಳಿ: ನಮ್ಮ ಆರ್‌ಸಿ, ಎಂಜಿನ್ ಮೇಲೆ ಕೊರೆದ ನಂಬರು, ಆ ಎಂಜಿನ್ ಬಂದ ಗಾಡಿಯ ಆರ್‌ಸಿ. ನಂಬರು ಉಜ್ಜಿದಂತೆ ಕಂಡರೆ ಮಾತು ಅಲ್ಲಿಗೇ ಮುಗಿಸಿ. ಹಳೆ ಎಂಜಿನ್ ಗುಜರಿಗೆ ಹಾಕಲು ಬಿಡಬೇಡಿ. ಕೇಸು ಹಾಳಾಗದಿದ್ದರೆ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿದರೂ ಓಡುತ್ತದೆ, ನಂಬರೂ ಬದಲಾಗುವುದಿಲ್ಲ.

ಮೇಲೆ ಹೇಳಿದ ಸದಸ್ಯರ ಗಾಡಿ ಈಗ ಅಂಗಳದಲ್ಲಿ ಟಾರ್ಪಾಲ್ ಕೆಳಗಿದೆ. ಅವರ ಹಳೆ ಎಂಜಿನ್ ಆಗಲೇ ಕೆ.ಜಿ. ಲೆಕ್ಕದಲ್ಲಿ ಹೋಗಿತ್ತು.